ಕೋಪರ್ನಿಕಸ್ ಇದ್ದ ಊರು, ಹುಡುಗರು ಕಟ್ಟಿದ ಊರು

ಪ್ರಶ್ನೆ: ಮಗಳು ಪೋಲೆಂಡಿನ ಗ್ದಾನ್ಸ್ಕ್‌ನಲ್ಲಿ ಕೆಲಸದಲ್ಲಿದ್ದಾಳೆ. ಮೇ ತಿಂಗಳಲ್ಲಿ ನಾವು ಹೋಗುವವರಿದ್ದೇವೆ. ಹತ್ತಿರದ ಫ್ರೊಂಬೊರ್ಕ್‌ಗೆ ಒಂದು ದಿನ ಹೋಗಿಬರೋಣ, ಅದು ಕೋಪರ್ನಿಕಸ್ ಊರು ಅನ್ನುತ್ತಾಳೆ. ಆದರೆ ಅವನ ಊರು ಟೋರುನ್ ಅಲ್ವಾ ಮೇಷ್ಟ್ರೇ? ಫ್ರೊಂಬೊರ್ಕ್ ‘ಪಟ್ಟಣ-ಗ್ರಾಮ ಪುರಸಭೆ’ ಅಂತ ಎಲ್ಲೋ ಓದಿದೆ. ಹಾಗಂದರೇನು? ಅಷ್ಟು ದೂರ ಹೋಗಿ ನೋಡುವಂಥದ್ದು ಅಲ್ಲೇನಿದೆ?
— ಓದುಗರೊಬ್ಬರು, ಹಾಸನ

ಉತ್ತರ: ಇಬ್ಬರೂ ಸರಿ. ಕೋಪರ್ನಿಕಸ್ ಹುಟ್ಟಿದ್ದು 1473ರಲ್ಲಿ, ಟೋರುನ್‌ನಲ್ಲಿ. ಆದರೆ 1510ರ ಹೊತ್ತಿಗೆ ಫ್ರೊಂಬೊರ್ಕ್‌ಗೆ ಬಂದ. ನಡುವೆ ಕೆಲವು ವರ್ಷ ಓಲ್ಷ್ಟಿನ್‌ನಲ್ಲಿ ಇದ್ದದ್ದು ಬಿಟ್ಟರೆ, 1543ರಲ್ಲಿ ಸಾಯುವ ತನಕ ಅಲ್ಲೇ ಇದ್ದ. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಅನ್ನುವ ಪುಸ್ತಕ ರೂಪುಗೊಂಡದ್ದು ಅಲ್ಲಿ.

ಪೋಲೆಂಡಿನಲ್ಲಿ ಆಡಳಿತದ ಎಲ್ಲಕ್ಕಿಂತ ಕೆಳಗಿನ ಘಟಕದ ಹೆಸರು ಗ್ಮಿನಾ. ಕೆಲವು ಗ್ಮಿನಾಗಳಲ್ಲಿ ಬರೀ ಪಟ್ಟಣ, ಕೆಲವದರಲ್ಲಿ ಬರೀ ಹಳ್ಳಿಗಳು, ಇನ್ನು ಕೆಲವದರಲ್ಲಿ ಎರಡೂ. ಫ್ರೊಂಬೊರ್ಕ್ ಈ ಕೊನೆಯ ಬಗೆಯದು. ನಮ್ಮಲ್ಲಿ ಪಟ್ಟಣ ಪಂಚಾಯಿತಿ ಬೇರೆ, ಸುತ್ತಲಿನ ಗ್ರಾಮ ಪಂಚಾಯಿತಿ ಬೇರೆ. ಅಲ್ಲಿ ಎಲ್ಲಕ್ಕೂ ಒಬ್ಬರೇ ಮೇಯರ್, ಒಂದೇ ಕೌನ್ಸಿಲ್. ಹಳ್ಳಿಯ ಮಟ್ಟದಲ್ಲಿ ಜನ ಆರಿಸಿದ ‘ಸೋಲ್ತಿಸ್’ ಅನ್ನುವ ಮುಖಂಡ ಇರುತ್ತಾನೆ. ಪಟ್ಟಣ ಅಂದೆನಲ್ಲ, ಜನಸಂಖ್ಯೆ ಎರಡು ಸಾವಿರ ಚಿಲ್ಲರೆ ಅಷ್ಟೇ. ಗದ್ದಲ ನಿರೀಕ್ಷಿಸಬೇಡಿ.

ನೋಡುವಂಥದ್ದು ಎರಡು ಇವೆ. ಒಂದು ಗುಡ್ಡ, ಒಂದು ಊರು. ಪ್ರವಾಸಿಗಳು ಗುಡ್ಡ ಹತ್ತಿ ಇಳಿದು ಬಸ್ ಹಿಡಿಯುತ್ತಾರೆ. ನನಗೆ ಕೇಳಿದರೆ ಊರಿಗೇ ಜಾಸ್ತಿ ಹೊತ್ತು ಕೊಡಿ ಅನ್ನುತ್ತೇನೆ.

ಗುಡ್ಡದ ಮೇಲೆ ಕೆಂಪು ಇಟ್ಟಿಗೆಯ ದೊಡ್ಡ ಚರ್ಚು. ಕಟ್ಟಿದ್ದು 1329ರಿಂದ 1388ರ ನಡುವೆ, ಸುತ್ತ ಕೋಟೆಗೋಡೆ. ಕೋಪರ್ನಿಕಸ್ ಈ ಚರ್ಚಿನ ಆಡಳಿತ ಮಂಡಳಿಯಲ್ಲಿದ್ದ. ಜಮೀನು, ಗೇಣಿ, ವೈದ್ಯಕೀಯ, ಲೆಕ್ಕಪತ್ರ ಎಲ್ಲ ನೋಡಿಕೊಳ್ಳುತ್ತಿದ್ದ. ಆಕಾಶ ನೋಡುವುದು ಬಿಡುವಿನ ಕೆಲಸ. ಗೋಡೆಯ ಮೂಲೆಯ ಬುರುಜನ್ನು ತೋರಿಸಿ ‘ಇಲ್ಲಿಂದಲೇ ನಕ್ಷತ್ರ ನೋಡಿದ್ದು’ ಎನ್ನುತ್ತಾರೆ. ಆದರೆ 1513ರ ಮಾರ್ಚ್‌ನಲ್ಲಿ ಆತ 800 ಇಟ್ಟಿಗೆ, ಒಂದು ಪೀಪಾಯಿ ಸುಣ್ಣ ಕೊಂಡ ಲೆಕ್ಕ ಉಳಿದಿದೆ. ಗೋಡೆಯ ಆಚೆ ಇದ್ದ ತನ್ನ ಮನೆಯ ಹತ್ತಿರ ಉಪಕರಣ ಇಡಲು ಒಂದು ಜಗಲಿ ಕಟ್ಟಿಸಿದ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ನನಗೂ ಹಾಗೇ ಅನ್ನಿಸುತ್ತದೆ. ಚಳಿಯಲ್ಲಿ, ಕತ್ತಲಲ್ಲಿ, ಭಾರದ ಮರದ ಉಪಕರಣ ಹೊತ್ತು ಬುರುಜು ಹತ್ತೋದು ಯಾರಿಗೆ ಬೇಕು?

ಆತನನ್ನು ಹೂಳಿದ ಜಾಗ ಬಹುಕಾಲ ಯಾರಿಗೂ ಗೊತ್ತಿರಲಿಲ್ಲ. 2005ರಲ್ಲಿ ಚರ್ಚಿನ ನೆಲ ಅಗೆದಾಗ ಸುಮಾರು 70 ವರ್ಷದ ಗಂಡಸೊಬ್ಬನ ತಲೆಬುರುಡೆ ಸಿಕ್ಕಿತು. ಅದು ಅವನದೇ ಎಂದು ಹೇಳುವುದು ಹೇಗೆ? ಇಲ್ಲಿ ಸ್ವೀಡನ್ನಿನ ಲೂಟಿ ನೆರವಿಗೆ ಬಂತು, ನೋಡಿ. 1626ರಲ್ಲಿ ಸ್ವೀಡಿಷ್ ಸೇನೆ ಇಲ್ಲಿಯ ಗ್ರಂಥಭಂಡಾರವನ್ನೇ ಹೊತ್ತೊಯ್ದಿತ್ತು. ಕೋಪರ್ನಿಕಸ್ ಬಳಸುತ್ತಿದ್ದ ಒಂದು ಪುಸ್ತಕ ಉಪ್ಸಾಲಾದಲ್ಲಿದೆ. ಅದರ ಹಾಳೆಗಳ ನಡುವೆ ಕೂದಲು ಸಿಕ್ಕವು. ಕೂದಲಿನ ಡಿಎನ್‌ಎಗೂ ಬುರುಡೆಯ ಹಲ್ಲಿನ ಡಿಎನ್‌ಎಗೂ ತಾಳೆಯಾಯಿತು. 2010ರ ಮೇ 22ರಂದು ಮತ್ತೆ ಮಣ್ಣು ಮಾಡಿದರು. ಕಪ್ಪು ಕಲ್ಲಿನ ಮೇಲೆ ಸೂರ್ಯ, ಸುತ್ತ ಆರು ಗ್ರಹ.

ಇನ್ನು ಊರು. 1772ರ ತನಕ ಪೋಲೆಂಡ್ ರಾಜರ ಕೈಯಲ್ಲಿತ್ತು, ಆಮೇಲೆ ಪ್ರಷ್ಯಾ ಅನ್ನುವ ಜರ್ಮನ್ ರಾಜ್ಯಕ್ಕೆ ಹೋಯಿತು. 1945ರ ಯುದ್ಧದಲ್ಲಿ ಗುಡ್ಡದ ಚರ್ಚು ಹೇಗೋ ಉಳಿಯಿತು, ಕೆಳಗಿನ ಪಟ್ಟಣದ ಹೆಚ್ಚಿನ ಭಾಗ ನೆಲಸಮವಾಯಿತು. ಅಲ್ಲಿದ್ದ ಜರ್ಮನ್ನರು ಹೋದರು. ಬೇರೆ ಕಡೆಯಿಂದ ಪೋಲಿಷರು ಬಂದರು. 1947ರಲ್ಲಿ ಸರ್ಕಾರ ದಕ್ಷಿಣದಿಂದ ಬಲವಂತವಾಗಿ ಎಬ್ಬಿಸಿದ ಉಕ್ರೇನಿಯನ್ನರನ್ನೂ ಈ ಸೀಮೆಗೆ ತಂದು ಬಿಟ್ಟರು. ಪಟ್ಟಣ ಅನ್ನುವ ಮಾನ್ಯತೆಯೇ ಹೋಗಿತ್ತು, ಮತ್ತೆ ಸಿಕ್ಕಿದ್ದು 1959ರಲ್ಲಿ.

1973ಕ್ಕೆ ಕೋಪರ್ನಿಕಸ್ ಹುಟ್ಟಿ 500 ವರ್ಷ. ದೇಶವಿದೇಶದ ಜನ ಬರುತ್ತಾರೆ, ಊರು ನೋಡಿದರೆ ಇನ್ನೂ ಹಾಳು ಬಿದ್ದಿದೆ. ಆಗ ಕೈಹಾಕಿದವರು ಸ್ಕೌಟ್ ಹುಡುಗ ಹುಡುಗಿಯರು! 1966ರಿಂದ 1973ರ ತನಕ ‘ಆಪರೇಷನ್ 1001 ಫ್ರೊಂಬೊರ್ಕ್’ ಹೆಸರಲ್ಲಿ ಸಾವಿರಾರು ಮಕ್ಕಳು ಬೇಸಿಗೆಯಲ್ಲಿ ಬಂದು ಡೇರೆ ಹಾಕಿದರು. ಅವಶೇಷ ತೆಗೆದರು, ರಸ್ತೆ ಮಾಡಿದರು, ಮನೆ ಕಟ್ಟಿದರು. ಅದು ಕಮ್ಯುನಿಸ್ಟ್ ಸರ್ಕಾರದ ಕಾಲ, ಪ್ರಚಾರವೂ ಅದರಲ್ಲಿ ಬೇಕಾದಷ್ಟಿತ್ತು. ಇರಲಿ, ಮಕ್ಕಳು ಹಾಕಿದ ಬೆವರು ಸುಳ್ಳಲ್ಲ. ಬೀದಿಯಲ್ಲಿ ನಡೆಯುವಾಗ ಸಾದಾ ಮನೆಗಳು, ನಡುನಡುವೆ ಬಯಲು ಕಂಡು ‘ಇದೇನು, ಹಳೇ ಊರು ಅಂದರಲ್ಲ’ ಅನ್ನಿಸಿದರೆ ಇದೇ ಕಾರಣ.

ಪ್ರಶ್ನೆ: ಫ್ರೊಂಬೊರ್ಕ್ ಒಂದು ಬಂದರು ಊರು ಎನ್ನುತ್ತಾರೆ. ನಕ್ಷೆಯಲ್ಲಿ ಎದುರಿಗೆ ನೀರಿದೆ, ಅದರಾಚೆ ಮತ್ತೆ ನೆಲ. ಸಮುದ್ರ ಎಲ್ಲಿ?
— ಓದುಗರೊಬ್ಬರು, ಕಾರವಾರ

ಉತ್ತರ: ಕರಾವಳಿಯವರ ಕಣ್ಣು! ಎದುರಿಗಿರುವುದು ವಿಸ್ಟುಲಾ ಹಿನ್ನೀರು. ಉದ್ದನೆಯ ಮರಳುದಿಬ್ಬ ಅದನ್ನು ಬಾಲ್ಟಿಕ್ ಸಮುದ್ರದಿಂದ ಬೇರೆ ಮಾಡಿದೆ. ಆಳ ಕಡಿಮೆ, ಸರಾಸರಿ ಮೂರು ಮೀಟರೂ ಇಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. 1945ರ ಆರಂಭದಲ್ಲಿ ಪೂರ್ವ ಪ್ರಷ್ಯಾದ ಜರ್ಮನ್ ಜನ ಗಾಡಿ ಕಟ್ಟಿಕೊಂಡು ಇದೇ ಮಂಜುಗಡ್ಡೆಯ ಮೇಲೆ ಆ ದಿಬ್ಬಕ್ಕೆ ಓಡಿದ್ದರು. ಎಷ್ಟೋ ಮಂದಿ ಮಂಜು ಒಡೆದು ಮುಳುಗಿದರು.

ಹಿನ್ನೀರಿನ ಸಹಜ ಬಾಯಿ ಇರುವುದು ರಷ್ಯಾದ ಕಲಿನಿನ್‌ಗ್ರಾಡ್ ಭಾಗದಲ್ಲಿ. ಪೋಲೆಂಡಿನ ಹಡಗು ಸಮುದ್ರಕ್ಕೆ ಹೋಗಬೇಕಾದರೆ ಪಕ್ಕದ ದೇಶದ ನೀರನ್ನು ದಾಟಬೇಕಿತ್ತು. ಅದಕ್ಕೇ ದಿಬ್ಬವನ್ನು ಅಡ್ಡಕ್ಕೆ ಕಡಿದು ಕಾಲುವೆ ತೋಡಿದರು, 2022ರ ಸೆಪ್ಟೆಂಬರ್ 17ರಂದು ತೆರೆದರು. ಖರ್ಚಿಗೆ ತಕ್ಕ ಲಾಭ ಇದೆಯೇ ಎಂಬ ಜಗಳ ಇನ್ನೂ ನಿಂತಿಲ್ಲ.

ಅಂದ ಹಾಗೆ, ಬುಧಗ್ರಹ ಸರಿಯಾಗಿ ಕಾಣುವುದಿಲ್ಲ ಎಂದು ಕೋಪರ್ನಿಕಸ್ ತನ್ನ ಪುಸ್ತಕದಲ್ಲೇ ಗೊಣಗಿದ್ದಾನೆ. ವಿಸ್ಟುಲಾದ ಆವಿಯೂ ಅದಕ್ಕೊಂದು ಕಾರಣವಂತೆ. ಅದಕ್ಕೆ ಜರ್ಮನಿಯ ನ್ಯೂರೆಂಬರ್ಗ್‌ನವರು ಆಕಾಶ ನೋಡಿ ಬರೆದಿಟ್ಟ ಲೆಕ್ಕಗಳನ್ನು ಎರವಲು ತೆಗೆದುಕೊಂಡ.

ಪ್ರಶ್ನೆ: ಅಲ್ಲಿಯ ನೀರಿನ ಗೋಪುರ ಕೋಪರ್ನಿಕಸ್ ಕಟ್ಟಿಸಿದ್ದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಅಲ್ಲ. ಸತ್ತದ್ದು 1543, ಗೋಪುರ ಎದ್ದದ್ದು 1571ರ ಸುಮಾರಿಗೆ. ಬೌಡಾ ನದಿಯಿಂದ ಕಾಲುವೆಯಲ್ಲಿ ಬಂದ ನೀರನ್ನು ಅದು ಗುಡ್ಡದ ಮೇಲಿನ ಮನೆಗಳಿಗೆ ಏರಿಸುತ್ತಿತ್ತು. ಈಗ ಒಳಗೆ ಕಾಫಿ ಅಂಗಡಿ ಇದೆ. ಹಾಸನದವರೇ, ಬಸ್ಸಿಗೆ ಕಾಯುವುದಾದರೆ ಅಲ್ಲೇ ಕೂತುಕೊಳ್ಳಿ. ಮೇ ತಿಂಗಳಾದರೂ ಸ್ವೆಟರ್ ಇರಲಿ, ನೀರಿನ ಕಡೆಯಿಂದ ಗಾಳಿ ಜೋರು.