ಪಾಠದ ನಡುವೆ ಹಾಡು: ಒಬ್ಬ ಶಿಕ್ಷಕಿಯ ಪ್ರಕರಣ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಸಿಂಧನೂರು ತಾಲ್ಲೂಕಿನ ಒಂದು ಕ್ಯಾಂಪಿನ, ಅಂದರೆ ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಊರಿನ, ಶಾಲೆ. ನನ್ನ ಬಳಿ ಸಲಹೆ ಕೇಳಲು ಬಂದವರು ಅಲ್ಲಿನ ಐದನೇ ತರಗತಿಯ ಶಿಕ್ಷಕಿ. ಶಾಲೆಯ ಪಕ್ಕದಲ್ಲೇ ರಸ್ತೆ, ಭತ್ತದ ಸುಗ್ಗಿ ಬಂದರೆ ಟ್ರ್ಯಾಕ್ಟರ್ ಸದ್ದು. ಒಳಗೆ ಮಕ್ಕಳ ಗದ್ದಲ. ಸ್ವಂತ ದುಡ್ಡಲ್ಲಿ ಬ್ಲೂಟೂತ್ ಸ್ಪೀಕರ್ ತಂದು, ಮಕ್ಕಳು ಓದುವಾಗಲೂ ಸಿನಿಮಾ ಹಾಡು ಹಾಕುತ್ತಿದ್ದರು.

“ಹಾಡು ಹಚ್ಚಿದ್ರ ಸುಮ್ಕ ಕುಂದರ್ತಾರ್ರೀ ಮೇಡಂ. ಈಗ ಹೆಡ್ ಮಾಸ್ತರು ಬಂದ್ ಮಾಡ್ರಿ ಅಂತಾರ. ನಾ ಏನ್ ತಪ್ಪು ಮಾಡೀನ್ರೀ?” ಎನ್ನುತ್ತಾ ಅತ್ತರು.

ತಪ್ಪೇನಲ್ಲ. ಮಕ್ಕಳ ಮೇಲೆ ಕೈ ಎತ್ತದೆ ತರಗತಿಯನ್ನು ಹಿಡಿತಕ್ಕೆ ತರಲು ಅವರು ಹುಡುಕಿದ ದಾರಿ ಅದು. ಅದನ್ನೇ ಮೊದಲು ಹೇಳಿದೆ. ಆಮೇಲೆ ಕೇಳಿದೆ: ಸುಮ್ಮನೆ ಕೂತವರು ಓದಿದ್ದನ್ನು ಹೇಳ್ತಾರಾ? ತಡವರಿಸ್ತಾರೆ ಅಂದರು. ಒಬ್ಬ ಹುಡುಗ ಕಿವಿ ಮುಚ್ಚಿಕೊಳ್ಳುತ್ತಾನಂತೆ.

ಸಂಗೀತ ಕೇಳಿದರೆ ಬುದ್ಧಿ ಬೆಳೆಯುತ್ತದೆ ಎಂಬ ನಂಬಿಕೆ ಅವರಿಗಿತ್ತು. ಆ ಮಾತು ಹರಡಿದ್ದು 1993ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಿಂದ. ಅದು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದದ್ದು. ಪಾಶ್ಚಾತ್ಯ ಸಂಗೀತಗಾರ ಮೊಝಾರ್ಟ್‌ನ ಸಂಗೀತ ಕೇಳಿ ಮುಗಿಸಿದ ಮೇಲೆ, ಆಕೃತಿಗಳನ್ನು ಮನಸ್ಸಲ್ಲೇ ಮಡಚಿ ಬಿಡಿಸುವಂಥ ಪರೀಕ್ಷೆಯಲ್ಲಿ ಅಂಕ ಹೆಚ್ಚಿತ್ತು. ಪರಿಣಾಮ ಉಳಿದದ್ದು 10ರಿಂದ 15 ನಿಮಿಷ. ಹಾಡು ಕೇಳುತ್ತಾ ಓದಿದವರ ಬಗ್ಗೆ ಅದರಲ್ಲಿ ಏನೂ ಇಲ್ಲ!

ಓದುವಾಗ ಮಗು ಪದಗಳನ್ನು ಒಳಗೊಳಗೇ ಉಚ್ಚರಿಸಿ ನೆನಪಲ್ಲಿ ಹಿಡಿಯುತ್ತದೆ. ಹಾಡಿನ ಮಾತುಗಳೂ ಅಲ್ಲಿಗೇ ನುಗ್ಗುತ್ತವೆ. ಕ್ಯಾಂಪಿನ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಕನ್ನಡ ಓದುವುದೇ ಅವರಿಗೆ ಶ್ರಮ, ಮೇಲೆ ಇದೊಂದು ಹೊರೆ ಬೇಕಾ?

ಸ್ಪೀಕರ್ ಮನೆಗೆ ಒಯ್ಯಬೇಡಿ, ಹೊತ್ತು ಬದಲಿಸಿ ಅಂದೆ. ಬೆಳಗ್ಗೆ ಮಕ್ಕಳು ಒಳಗೆ ಬರುವಾಗ, ಊಟ ಮುಗಿಸಿ ಬಂದಾಗ, ಚಿತ್ರ ಬಿಡಿಸುವಾಗ ಹಾಕಿ. ಮಾತಿಲ್ಲದ ಕೊಳಲು ಸಾಕು. ಕೊನೆಯ ಬೆಂಚಿನ ಮಗುವಿನ ಮೆಲುದನಿ ನಿಮಗೆ ಕೇಳುವಷ್ಟು ಸಣ್ಣಗಿರಲಿ. ಟ್ರ್ಯಾಕ್ಟರ್ ಸದ್ದು ಮುಚ್ಚಲು ವಾಲ್ಯೂಮ್ ಏರಿಸಿದರೆ ಗದ್ದಲ ಜಾಸ್ತಿ ಆಗುತ್ತೆ ಅಷ್ಟೇ, ರಸ್ತೆ ಕಡೆಯ ಕಿಟಕಿ ಮುಚ್ಚಿ. ಓದು, ಲೆಕ್ಕ, ಹೊಸ ಪಾಠಕ್ಕೆ ಹಾಡು ಬೇಡ. ಹೆಡ್ ಮಾಸ್ತರಿಗೂ ಇದನ್ನೇ ಹೇಳಿ, ಒಪ್ಪದಿರಲು ಕಾರಣ ಕಾಣಲ್ಲ.

ನನಗೆ ಹೆಚ್ಚು ಚಿಂತೆ ಆ ಹುಡುಗನದ್ದು. ಕಿವಿ ನೋವಿರಬಹುದು, ಸದ್ದೇ ತಡೆಯದಿರಬಹುದು. ತುಂಟತನ ಅಂದುಕೊಳ್ಳಬೇಡಿ. ಸ್ಪೀಕರ್‌ನಿಂದ ದೂರ ಕೂರಿಸಿ, ಒಬ್ಬನನ್ನೇ ಕರೆದು ಕೇಳಿ. ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗೆ ಬರುವ ಸರ್ಕಾರಿ ‘ಬಾಲ ಸ್ವಾಸ್ಥ್ಯ’ ತಂಡ ಕಿವಿಯನ್ನೂ ನೋಡುತ್ತದೆ. ಆದರೆ ಅವರಿಗೆ ಕಾಯದೆ, ಅವನ ಅವ್ವನನ್ನು ಕರೆಸಿ ತಾಲ್ಲೂಕು ಆಸ್ಪತ್ರೆಗೆ ಈ ವಾರವೇ ಕಳಿಸಿ.