ನಾಣ್ಯದಷ್ಟಿದ್ದ ಆಮೆ ಅಂಗೈ ತುಂಬಿದೆ, ಈಗೇನು ಮಾಡೋದು?

ಪ್ರಶ್ನೆ: ಎರಡು ವರ್ಷದ ಹಿಂದೆ ಮಗಳು ಹಟ ಮಾಡಿದಳೆಂದು ಎರಡು ಪುಟ್ಟ ಹಸಿರು ಆಮೆ ತಂದೆವು. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇದೆ. ಆಗ ಹತ್ತು ರೂಪಾಯಿ ನಾಣ್ಯದಷ್ಟಿದ್ದವು, ಈಗ ಅಂಗೈ ತುಂಬುತ್ತವೆ. ಪ್ಲಾಸ್ಟಿಕ್ ಟಬ್ಬಿನಲ್ಲಿಟ್ಟು ಮಂಡಕ್ಕಿ, ಅನ್ನ ಹಾಕುತ್ತೇವೆ. ದಿನಾ ನೀರು ಬದಲಿಸಿದರೂ ವಾಸನೆ. ಒಂದರ ಚಿಪ್ಪು ಮೆತ್ತಗಾಗಿದೆ. ಕುಂದವಾಡ ಕೆರೆಗೆ ಬಿಡಿ, ಪುಣ್ಯ ಬರುತ್ತೆ ಅಂತಾರೆ ಪಕ್ಕದ ಮನೆಯವರು. ಬಿಡಬಹುದಾ?
— ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಬಿಡಬೇಡಿ. ಇದು ರೆಡ್ ಇಯರ್ಡ್ ಸ್ಲೈಡರ್, ಅಮೆರಿಕದ ಮಿಸಿಸಿಪ್ಪಿ ನದಿ ಕಡೆಯದು. ಕೆರೆಗೆ ಬಿಟ್ಟರೆ ಸಾಯುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಚೆನ್ನಾಗಿ ಬದುಕಿ, ನಮ್ಮ ಕೆರೆ ಆಮೆಗಳ ಊಟವನ್ನೂ ಅವು ಬಿಸಿಲು ಕಾಯಿಸುವ ಜಾಗವನ್ನೂ ಕಿತ್ತುಕೊಳ್ಳುತ್ತದೆ, ರೋಗವನ್ನೂ ಹರಡಬಹುದು. ಜಗತ್ತಿನ 100 ಅತಿ ಹಾವಳಿಕೋರ ಹೊರಜೀವಿಗಳ ಪಟ್ಟಿಯಲ್ಲಿ ಇದರ ಹೆಸರೂ ಇದೆ. ಪುಣ್ಯವೆಲ್ಲಿ ಬಂತು?

ಚಿಪ್ಪು ಮೆತ್ತಗಾಗುವುದು ಸಾಮಾನ್ಯವಾಗಿ ಕ್ಯಾಲ್ಸಿಯಂ ಮತ್ತು ಬಿಸಿಲಿನ ಕೊರತೆಯಿಂದ. ಪಶುವೈದ್ಯರಿಗೆ ಬೇಗ ತೋರಿಸಿ, ಆದರೆ ಎಲ್ಲರಿಗೂ ಆಮೆ ನೋಡಿ ರೂಢಿ ಇರುವುದಿಲ್ಲ, ಫೋನ್ ಮಾಡಿ ಕೇಳಿಕೊಂಡೇ ಹೋಗಿ. ಮಂಡಕ್ಕಿ ಇವತ್ತೇ ನಿಲ್ಲಿಸಿ. ಮಿರ್ಚಿ ಜೊತೆ ನಾವು ತಿನ್ನೋಣ, ಆಮೆಗೆ ಅದು ಸುಮ್ನೆ ಹೊಟ್ಟೆ ತುಂಬಿಸುತ್ತೆ ಅಷ್ಟೆ. ಆಮೆಯ ಪೆಲೆಟ್ (ಗುಳಿಗೆಯಂಥ ಸಿದ್ಧ ಆಹಾರ) ಮತ್ತು ಸೊಪ್ಪು ಕೊಡಿ, ದೊಡ್ಡದಾದಂತೆ ಸೊಪ್ಪು ಜಾಸ್ತಿ ಮಾಡಿ. ಪಾಲಕ್ ಬೇಡ, ಅದು ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದಿಲ್ಲ. ಊಟವನ್ನು ನೀರಿಗೇ ಹಾಕಿ, ಇವು ನೀರಲ್ಲಿದ್ದರೆ ಮಾತ್ರ ನುಂಗುತ್ತವೆ.

ಬಿಸಿಲು ಅಂದರೆ ಕಿಟಕಿ ಗಾಜಿನ ಹಿಂದಿನ ಬಿಸಿಲಲ್ಲ. ಮೂಳೆಗೆ ಬೇಕಾದ ಯುವಿಬಿ ಕಿರಣವನ್ನು ಗಾಜು ತಡೆಯುತ್ತದೆ. ಬೆಳಗಿನ ನೇರ ಬಿಸಿಲಲ್ಲಿಡಿ, ಅರ್ಧ ಟಬ್ಬಿಗೆ ನೆರಳಿರಲಿ, ಪಕ್ಕದಲ್ಲೇ ಇರಿ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಟಬ್ಬಿನ ನೀರು ಎಷ್ಟು ಬೇಗ ಕಾಯುತ್ತೆ ಅಂತ ನಿಮಗೇ ಗೊತ್ತು, ಮರೆತು ಒಳಗೆ ಹೋದರೆ ಆಮೆ ಬೆಂದೇ ಹೋಗುತ್ತದೆ. ಆಗದಿದ್ದರೆ ಯುವಿಬಿ ದೀಪ ಹಾಕಿಸಿ. ಹತ್ತಿ ಕೂತು ಮೈ ಒಣಗಿಸಿಕೊಳ್ಳಲು ಒಂದು ಕಲ್ಲೂ ಇರಲಿ.

ವಾಸನೆಗೆ ಕಾರಣ ಇಕ್ಕಟ್ಟು. ಚಿಪ್ಪಿನ ಉದ್ದದ ಒಂದೊಂದು ಇಂಚಿಗೂ ಸುಮಾರು 40 ಲೀಟರ್ ನೀರು ಬೇಕು, ಜೊತೆಗೆ ಗಟ್ಟಿಮುಟ್ಟಾದ ಫಿಲ್ಟರ್. ಮುಟ್ಟಿದ ಮೇಲೆ ಮಗಳು ಸೋಪು ಹಾಕಿ ಕೈ ತೊಳೆಯಲೇಬೇಕು, ಆಮೆಯಿಂದ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಅಂಟಬಹುದು. ಟಬ್ಬನ್ನು ಅಡುಗೆಮನೆ ಸಿಂಕಿನಲ್ಲಂತೂ ತೊಳೆಯಬೇಡಿ.

ಪ್ರಶ್ನೆ: ಗೃಹಪ್ರವೇಶಕ್ಕೆ ಸಂಬಂಧಿಕರೊಬ್ಬರು ನಕ್ಷತ್ರ ಆಮೆ ಕೊಡುತ್ತೇನೆ ಅಂದಿದ್ದಾರೆ. ಮನೆಯಲ್ಲಿದ್ದರೆ ಲಕ್ಷ್ಮಿ ಬರುತ್ತಾಳಂತೆ, ನಿಜವಾ?
— ಓದುಗರು, ಚಳ್ಳಕೆರೆ

ಉತ್ತರ: ಲಕ್ಷ್ಮಿಗಿಂತ ಮೊದಲು ಅರಣ್ಯ ಇಲಾಖೆಯ ಜೀಪು ಬರುತ್ತದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇದನ್ನು ಹಿಡಿಯುವುದು, ಮಾರುವುದು, ಸಾಕುವುದು ಎಲ್ಲವೂ ಅಪರಾಧ, ಜೈಲೂ ಆಗಬಹುದು. ಉಡುಗೊರೆ ಅಂದರೂ ಬಿಡುವುದಿಲ್ಲ. ಈಗಾಗಲೇ ತಂದಿದ್ದರೆ ಸಂಬಂಧಿಕರೇ ವಲಯ ಅರಣ್ಯ ಕಚೇರಿಗೆ ಒಪ್ಪಿಸಲಿ. ಕೆರೆ, ಬಾವಿಯಲ್ಲಿ ಸಿಗುವ ನಮ್ಮ ಆಮೆಗಳಿಗೂ ಇದೇ ಮಾತು. ಕಂಡರೆ ನೋಡಿ ಖುಷಿಪಡಿ, ಮನೆಗೆ ತರಬೇಡಿ.

ಪ್ರಶ್ನೆ: ನನಗೆ ಆಮೆ ಸಾಕುವ ಆಸೆ. ಎಲ್ಲಿಂದ ತರಲಿ?
— ಓದುಗರು, ಚಿತ್ರದುರ್ಗ

ಉತ್ತರ: ಅಂಗಡಿಯಿಂದ ಬೇಡ. ಒಂದು ಮಾರಾಟವಾದರೆ ಇನ್ನೊಂದು ಬರುತ್ತದೆ ಅಷ್ಟೇ. ಸಾಕಲಾಗದೆ ಕೈಬಿಡುವವರು ಬೇಕಾದಷ್ಟಿದ್ದಾರೆ, ಅವರಿಂದ ಪಡೆಯಿರಿ. ದೊಡ್ಡ ಆಮೆಯೇ ಒಳ್ಳೆಯದು, ಎಷ್ಟು ಬೆಳೆಯುತ್ತೆ ಅಂತ ಕಣ್ಣಾರೆ ಕಾಣುತ್ತದಲ್ವಾ. ಸ್ಲೈಡರ್ ಚೆನ್ನಾಗಿ ನೋಡಿಕೊಂಡರೆ 30 ವರ್ಷ ಬದುಕುತ್ತದೆ. ಬಾಡಿಗೆ ಮನೆಯಲ್ಲಿದ್ದರೆ ಇನ್ನೂರು ಲೀಟರ್ ಟ್ಯಾಂಕನ್ನು ಮುಂದಿನ ಮನೆಯ ಎರಡನೇ ಮಹಡಿಗೆ ಹೊರುವವರು ಯಾರು ಅಂತ ಈಗಲೇ ಮನೆಯವರನ್ನು ಕೇಳಿ. ಎಲ್ಲರೂ ಹೂಂ ಅಂದರೆ ನಮಗೊಂದು ಕಾಗದ ಹಾಕಿ, ವಿದ್ಯಾನಗರದವರನ್ನು ವಿಚಾರಿಸೋಣ.