ಫಲಕದ ಮೇಲೆ ಏನು ಬರೆಯಲಿ ಅಂತ ಕೇಳಿದೆಯಲ್ಲ

ನೋಡಮ್ಮ, ನಿನ್ನ ಮೆಸೇಜ್ ಎರಡು ಸಲ ಓದಿದೆ. ಮದ್ದೂರಿನಿಂದ ಲಂಡನ್ನಿಗೆ ಬಂದು ಆರು ವಾರ, ಗಾಜಾ ಯುದ್ಧದ ವಿರುದ್ಧ ಶನಿವಾರದ ಮೆರವಣಿಗೆಗೆ ಕ್ಲಾಸಿನವರು ಕರೆಯುತ್ತಿದ್ದಾರೆ. ಸ್ಟೂಡೆಂಟ್ ವೀಸಾದಲ್ಲಿ ಹೋಗಬಹುದಾ, ಫಲಕದ ಮೇಲೆ ಏನು ಬರೆಯಲಿ, ಇಸ್ರೇಲನ್ನು ಬೈದರೆ ಯಹೂದಿ ದ್ವೇಷ ಅನ್ನುತ್ತಾರಾ, ಒಂದೇ ಮನೆಯಲ್ಲಿ ಜೊತೆಗಿರುವ ಯಹೂದಿ ಹುಡುಗಿ ಬೇಜಾರು ಮಾಡಿಕೊಳ್ಳುತ್ತಾಳಾ, ಚಳಿಗೆ ಎಂಥ ಕೋಟು ತಗೊಳ್ಳಲಿ. ಕೋಟಿನ ಮಾತು ಇಲ್ಲೇ ಮುಗಿಸಿಬಿಡುತ್ತೇನೆ: ಚಾರಿಟಿ ಅಂಗಡಿಗೆ ಹೋಗು, ಒಂದು ಸೈಜು ದೊಡ್ಡದು, ಮಳೆ ತಡೆಯುವಂಥದ್ದು. ಒಳಗೆ ಎರಡು ಸ್ವೆಟರ್ ಹಿಡಿಸಬೇಕು.

ನಾನು ಬಂದ ವರ್ಷವೇ, 2003ರ ಫೆಬ್ರವರಿ 15ರಂದು, ಇರಾಕ್ ಯುದ್ಧ ಬೇಡ ಅಂತ ಇದೇ ಊರಿನಲ್ಲಿ ಪೊಲೀಸರ ಲೆಕ್ಕದಲ್ಲೇ ಏಳೂವರೆ ಲಕ್ಷ ಜನ ನಡೆದರು. ಯುದ್ಧ ನಿಲ್ಲಲಿಲ್ಲ ಅನ್ನುವುದು ನಿನಗೂ ಗೊತ್ತು. ಆದರೂ ಹೋಗು ಅಂತಲೇ ನನ್ನ ಮಾತು.

ಮೊದಲು ವೀಸಾ. ಮೆರವಣಿಗೆಗೆ ಹೋಗಬಾರದು ಅನ್ನುವ ಷರತ್ತು ಸ್ಟೂಡೆಂಟ್ ವೀಸಾದಲ್ಲಿ ಇಲ್ಲ. ತೊಂದರೆ ಬರುವುದು ಮೆರವಣಿಗೆಯಿಂದ ಅಲ್ಲ, ಶಿಕ್ಷೆಯಿಂದ. ಠಾಣೆಯಲ್ಲಿ ‘ಒಂದು ಕಾಷನ್‌ಗೆ ಸಹಿ ಹಾಕಿ, ಮನೆಗೆ ಹೋಗಿ’ ಅಂತಾರೆ, ನಮ್ಮೂರಲ್ಲಿ ಮುಚ್ಚಳಿಕೆ ಬರೆಸಿಕೊಂಡು ಕಳಿಸುವ ಹಾಗೆ ಕೇಳಿಸುತ್ತದೆ. ಅಲ್ಲ. ಕಾಷನ್ ಅಂದರೆ ತಪ್ಪು ಒಪ್ಪಿಕೊಂಡ ದಾಖಲೆ, ಮುಂದಿನ ವೀಸಾ ಅರ್ಜಿಯಲ್ಲಿ ಅದನ್ನು ಬರೆಯಲೇಬೇಕು. ವಕೀಲರನ್ನು ಕೇಳದೆ ಯಾವುದಕ್ಕೂ ಸಹಿ ಬೇಡ. ಠಾಣೆಯಲ್ಲಿ ವಕೀಲರ ಸಲಹೆ ಬಿಟ್ಟಿ. ಆದರೆ ಪೊಲೀಸರು ಕರೆಸುವ ವಕೀಲರಿಗಿಂತ ಪ್ರತಿಭಟನೆ ಕೇಸುಗಳನ್ನೇ ನೋಡುವ ಆಫೀಸಿನ ನಂಬರು ಕೈಯಲ್ಲಿದ್ದರೆ ಒಳ್ಳೆಯದು. ಗ್ರೀನ್ ಅಂಡ್ ಬ್ಲ್ಯಾಕ್ ಕ್ರಾಸ್‌ನಂಥ ಗುಂಪುಗಳು ಆ ನಂಬರಿರುವ ಚೀಟಿ ಹಂಚುತ್ತವೆ. ಚೀಟಿಯನ್ನು ಜೇಬಿಗೆ ಹಾಕಿಕೊಂಡರೆ ಸಾಲದು, ಠಾಣೆಯಲ್ಲಿ ಜೇಬು ಖಾಲಿ ಮಾಡಿಸುತ್ತಾರೆ. ನಂಬರನ್ನು ಮುಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದುಕೊ. ಮೊಬೈಲಿನ ಬೆರಳಚ್ಚು, ಮುಖದ ಲಾಕ್ ಎರಡೂ ಆಫ್ ಮಾಡಿ ಆರು ಅಂಕಿಯ ಪಿನ್ ಇಡು. ಪಾಸ್‌ಪೋರ್ಟ್ ಮನೆಯಲ್ಲೇ ಇರಲಿ.

ಆಕಾಶನೀಲಿ ಜಾಕೆಟ್ ಹಾಕಿದ ಪೊಲೀಸರು ಬಂದು ಬಹಳ ಪ್ರೀತಿಯಿಂದ ಮಾತಾಡಿಸುತ್ತಾರೆ: ಎಲ್ಲಿಂದ ಬಂದೆ, ಯಾರ ಜೊತೆ ಬಂದೆ, ಚಳಿ ಜಾಸ್ತಿ ಅಲ್ವಾ. ಅವರ ಕೆಲಸವೇ ವಿಷಯ ಸಂಗ್ರಹ. ನಮಸ್ಕಾರ ಹೇಳಿ ಮುಂದೆ ಹೋಗು. ಬಂಧಿಸಿದರೆ ಹೆಸರು, ವಿಳಾಸ, ಹುಟ್ಟಿದ ದಿನ ಹೇಳು. ಮಿಕ್ಕಿದ್ದಕ್ಕೆಲ್ಲ ‘ನೋ ಕಾಮೆಂಟ್’. ನಮ್ಮವರಿಗೆ ಇದು ಬಹಳ ಕಷ್ಟ, ದೊಡ್ಡವರು ಕೇಳಿದರೆ ಉತ್ತರ ಕೊಡದೇ ಇರುವುದು ಅಹಂಕಾರ ಅಂತ ಬೆಳೆಸಿರುತ್ತಾರೆ.

ಮೆರವಣಿಗೆ ಮಾಡುವವರು ಆರು ದಿನ ಮುಂಚೆ ಪೊಲೀಸರಿಗೆ ದಾರಿ, ಸಮಯ ತಿಳಿಸಬೇಕು. 1986ರ ಪಬ್ಲಿಕ್ ಆರ್ಡರ್ ಕಾಯ್ದೆ ಅದು. ಅದೇ ಕಾಯ್ದೆಯ 12 ಮತ್ತು 14ನೇ ಸೆಕ್ಷನ್‌ನಲ್ಲಿ ಪೊಲೀಸರು ‘ಇಲ್ಲಿಂದ ಇಲ್ಲಿಗೆ, ಇಷ್ಟು ಗಂಟೆಯೊಳಗೆ’ ಅಂತ ಷರತ್ತು ಹಾಕಬಹುದು. 2022ರಿಂದ, ಷರತ್ತು ನನಗೆ ಗೊತ್ತಿರಲಿಲ್ಲ ಅಂದರೂ ನಡೆಯುವುದಿಲ್ಲ, ಗೊತ್ತಿರಬೇಕಿತ್ತು ಅನ್ನುವುದೇ ಸಾಕು. ಆದ್ದರಿಂದ ಹೊರಡುವ ಬೆಳಿಗ್ಗೆ ಮೆಟ್ರೊಪಾಲಿಟನ್ ಪೊಲೀಸರ ಪ್ರಕಟಣೆ ನೋಡಿಕೊಂಡೇ ಮನೆ ಬಿಡು. 2025ರ ಜನವರಿಯಲ್ಲಿ ಬಿಬಿಸಿ ಕಚೇರಿ ಮುಂದೆ ಸೇರಬಾರದು ಅಂತ ಷರತ್ತು ಹಾಕಿದ್ದರು. ಕಾರಣ, ಹತ್ತಿರದಲ್ಲೇ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಶನಿವಾರ ಅವರ ಸಬ್ಬತ್ತು, ವಾರದ ಪ್ರಾರ್ಥನೆ, ವಿಶ್ರಾಂತಿಯ ದಿನ. ಇದನ್ನು ಬರೀ ನೆಪ ಅಂತ ಬೈದವರು ಬಹಳ ಜನ. ಪ್ರಾರ್ಥನೆ ಮುಗಿಸಿ ಮಕ್ಕಳ ಕೈ ಹಿಡಿದು ಹೊರಗೆ ಬರುವವರಿಗೆ ಎದುರಿನ ಗುಂಪು ಹೇಗೆ ಕಾಣುತ್ತದೆ ಅನ್ನುವುದು ಮಾತ್ರ ನೆಪವಲ್ಲ.

ಇನ್ನು ಮುಟ್ಟಲೇಬಾರದ ಗೆರೆ ಒಂದಿದೆ. ಹಮಾಸ್ ಪೂರ್ತಿಯಾಗಿ ಇಲ್ಲಿ ನಿಷೇಧಿತ ಸಂಘಟನೆ, 2021ರ ನವೆಂಬರಿನಿಂದ. 2000ದ ಭಯೋತ್ಪಾದನಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ನಿಷೇಧಿತ ಸಂಘಟನೆಗೆ ನಿನ್ನ ಬೆಂಬಲ ಇದೆ ಅನ್ನಿಸುವ ಚಿಹ್ನೆ ತೋರಿಸಿದರೂ ಅಪರಾಧವೇ. 2023ರ ಅಕ್ಟೋಬರ್ 14ರ ಮೆರವಣಿಗೆಯಲ್ಲಿ ಪ್ಯಾರಾಗ್ಲೈಡರ್ ಚಿತ್ರ ತೋರಿಸಿದ್ದ ಮೂವರು ಹೆಂಗಸರು ತಪ್ಪಿತಸ್ಥರಾದರು. ಅದಕ್ಕೆ ಒಂದು ವಾರದ ಹಿಂದೆ ಅಂಥದ್ದರಲ್ಲೇ ಹಾರಿಬಂದು ಹಮಾಸಿನವರು ಇಸ್ರೇಲಿನಲ್ಲಿ ಕೊಂದಿದ್ದರು. ಅಂದು ಸತ್ತವರು ಸುಮಾರು 1,200 ಜನ, ಒತ್ತೆಯಾಳಾದವರು 251. ಪ್ಯಾಲೆಸ್ಟೈನ್ ಆಕ್ಷನ್ ಅನ್ನುವ ಗುಂಪನ್ನು 2025ರ ಜುಲೈನಲ್ಲಿ ನಿಷೇಧಿಸಿದರು, ಅದರ ಹೆಸರಿನ ಕಾಗದ ಹಿಡಿದು ಸುಮ್ಮನೆ ಕೂತ ನೂರಾರು ಜನರನ್ನು, ಎಪ್ಪತ್ತು ದಾಟಿದ ಅಜ್ಜಿಯರನ್ನೂ ಸೇರಿಸಿ, ಹೊತ್ತುಕೊಂಡು ಹೋದರು. ಆ ನಿಷೇಧದ ಜಗಳ ಕೋರ್ಟಿಗೂ ಹೋಯಿತು. ಬ್ರಿಟಿಷ್ ಪಾಸ್‌ಪೋರ್ಟ್ ಇರುವವರು ಬೇಕಂತಲೇ ಬಂಧನಕ್ಕೆ ಕೂರಲಿ, ನೀನು ಕೂರಬೇಡ. ‘ಇಂತಿಫಾದಾವನ್ನು (ಪ್ಯಾಲೆಸ್ಟೈನಿನವರ ದಂಗೆಯನ್ನು) ಜಗತ್ತಿಗೆಲ್ಲ ಹಬ್ಬಿಸಿ’ ಅನ್ನುವ ಘೋಷಣೆ ಕೂಗಿದರೆ ಬಂಧಿಸುತ್ತೇವೆ ಅಂತ ಲಂಡನ್, ಮ್ಯಾಂಚೆಸ್ಟರ್ ಪೊಲೀಸರು 2025ರ ಡಿಸೆಂಬರಿನಲ್ಲಿ ಹೇಳಿದ್ದಾರೆ. ಇಂಗ್ಲಿಷಿನಲ್ಲಿ ಅಕ್ಕಪಕ್ಕದವರು ಕೂಗಿದ್ದಕ್ಕೆಲ್ಲ ದನಿ ಸೇರಿಸಬೇಡ, ಅರ್ಥ ಗೊತ್ತಿದ್ದರೆ ಮಾತ್ರ ಬಾಯಿ ತೆರೆ.

ಈಗ ನಿನ್ನ ನಿಜವಾದ ಪ್ರಶ್ನೆ. ಒಂದು ದೇಶವನ್ನು ಟೀಕಿಸುವುದು ಎಲ್ಲಿಗೆ ಮುಗಿಯುತ್ತದೆ, ಯಹೂದಿ ದ್ವೇಷ ಎಲ್ಲಿ ಶುರು?

ಮಂಡ್ಯ ಜಿಲ್ಲೆಯವಳಿಗೆ ಕಾವೇರಿ ಹೇಳಿಕೊಡಬೇಕಾ? ನೀರಿಗಾಗಿ ತಮಿಳುನಾಡು ಸರ್ಕಾರವನ್ನು ಬೈದು ಹೆದ್ದಾರಿಯಲ್ಲಿ ಕೂತವರು ನಮ್ಮ ಚಿಕ್ಕಪ್ಪಂದಿರೇ. ಅದು ರಾಜಕೀಯ. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಡಿಪೋದಲ್ಲಿ, ಮಾಲೀಕ ತಮಿಳರವನು ಅಂತ 40ಕ್ಕೂ ಹೆಚ್ಚು ಬಸ್ಸುಗಳಿಗೆ ಬೆಂಕಿ ಇಟ್ಟರಲ್ಲ, ಟಿಎನ್ ನಂಬರ್ ಲಾರಿಯ ಡ್ರೈವರನ್ನು ಕೆಳಗಿಳಿಸಿ ಹೊಡೆದರಲ್ಲ, ಅದು ಬೇರೆ. ನೀರು ಬಿಡುವುದೋ ಬೇಡವೋ ಅಂತ ಆ ಡ್ರೈವರನ್ನು ಯಾರೂ ಕೇಳಿರಲಿಲ್ಲ. ಇಲ್ಲೂ ಅಷ್ಟೇ. ಲಂಡನ್ನಿನ ಗೋಲ್ಡರ್ಸ್ ಗ್ರೀನಿನ ಯಹೂದಿ ಬೇಕರಿಯವನು ಗಾಜಾದ ಮೇಲೆ ಬಾಂಬು ಹಾಕಿಲ್ಲ.

ಹೈಸ್ಕೂಲಿನ ವ್ಯಾಕರಣ ನೆನಪಿದೆಯಾ, ಕರ್ತೃ, ಕರ್ಮ, ಕ್ರಿಯೆ? ಫಲಕದ ವಾಕ್ಯದಲ್ಲಿ ಕರ್ತೃಪದ ಹುಡುಕು. ‘ಇಸ್ರೇಲ್ ಸೇನೆ’, ‘ನೆತನ್ಯಾಹು ಸರ್ಕಾರ’, ‘ನಮ್ಮ ಬ್ರಿಟಿಷ್ ಸರ್ಕಾರ’ ಇದ್ದರೆ ಮುಂದೆ ಎಷ್ಟು ಖಾರವಾಗಿ ಬೇಕಾದರೂ ಬರೆ. ಕರ್ತೃ ಒಂದು ಜನಾಂಗ ಆಗಿದ್ದರೆ, ‘ಅವರು ಯಾವಾಗಲೂ ಹೀಗೇ’ ಅಂತಿದ್ದರೆ, ಕಾಗದ ಹರಿದುಹಾಕು. ಮೋಸ ಆಗುವುದು ‘ಝಿಯೋನಿಸ್ಟ್’ ಅನ್ನುವ ಪದದಲ್ಲಿ. ಝಿಯೋನಿಸಂ ಅಂದರೆ ಯಹೂದಿಗಳಿಗೆ ತಮ್ಮದೇ ಒಂದು ದೇಶ ಬೇಕು ಅನ್ನುವ ರಾಜಕೀಯ ಸಿದ್ಧಾಂತ, ಅದನ್ನು ಒಪ್ಪದ ಯಹೂದಿಗಳೂ ಇದ್ದಾರೆ, ಟೀಕಿಸಬಹುದು. ಆದರೆ ‘ಝಿಯೋನಿಸ್ಟರು ಬ್ಯಾಂಕು, ಪತ್ರಿಕೆ ಎಲ್ಲ ಹಿಡಿದಿದ್ದಾರೆ’ ಅಂದಾಗ ಬಾಟಲಿಯ ಚೀಟಿ ಮಾತ್ರ ಹೊಸದು, ಒಳಗಿರುವುದು ನೂರು ವರ್ಷದ ಹಳೇ ವಿಷ. ಯಹೂದಿಗಳು ಜಗತ್ತನ್ನು ಆಳಲು ಸಂಚು ಮಾಡಿದ್ದಾರೆ ಅನ್ನುವ ಖೊಟ್ಟಿ ದಾಖಲೆ 1903ರಲ್ಲಿ ರಷ್ಯಾದಲ್ಲಿ ಅಚ್ಚಾಯಿತು, 1921ರಲ್ಲಿ ಇದೇ ಲಂಡನ್ನಿನ ಟೈಮ್ಸ್ ಪತ್ರಿಕೆ ಅದು ನಕಲು ಅಂತ ಬಯಲು ಮಾಡಿತು. ಇವತ್ತಿಗೂ ವಾಟ್ಸಾಪಿನಲ್ಲಿ ಓಡಾಡುತ್ತಿದೆ.

ನಮ್ಮವರು ಎಡವುವುದು ಇಲ್ಲೇ. ನಮಗೆ ಯಹೂದಿಗಳ ಮೇಲೆ ಹಳೆಯ ಹಗೆ ಇಲ್ಲ. 12ನೇ ಶತಮಾನದಲ್ಲಿ ಟ್ಯುನೀಷಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಹಿತ್ತಾಳೆ ಪಾತ್ರೆಯ ಕಾರ್ಖಾನೆ ಇಟ್ಟುಕೊಂಡು ವರ್ಷಗಟ್ಟಲೆ ಬಾಳಿದ. ಅವನ ಕೈಕೆಳಗೆ ವ್ಯಾಪಾರ ನೋಡುತ್ತಿದ್ದ ಬೊಮ್ಮನ ಹೆಸರಿರುವ ಕಾಗದಗಳು ಕೈರೋದ ಸಿನಗಾಗಿನಲ್ಲಿ ಸಿಕ್ಕವು. ಆ ಕಾಗದ ರಾಶಿಯ ದೊಡ್ಡ ಪಾಲು ಈಗ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ, ನಿನ್ನ ಕಾಲೇಜಿನಿಂದ ಒಂದು ರೈಲಿನ ದಾರಿ. ಹಗೆ ಇಲ್ಲದಿದ್ದರೂ ಹಗೆಯ ಮಾತುಗಳು ನಮ್ಮ ಬಾಯಲ್ಲಿ ಸಲೀಸಾಗಿ ಬರುತ್ತವೆ. ‘ಯಹೂದಿಗಳು ಭಾರಿ ಬುದ್ಧಿವಂತರು, ಪ್ರಪಂಚದ ದುಡ್ಡೆಲ್ಲ ಅವರ ಕೈಲಿ’ ಅಂತ ನಮ್ಮ ಮಾವ ಹೊಗಳಿಕೆಗೇ ಹೇಳುವುದು. ಈ ಊರಲ್ಲಿ ಅದು ಹೊಗಳಿಕೆ ಅಲ್ಲ. ಅದೇ ಮಾತು ನಂಬಿಕೊಂಡವರು ಜನರನ್ನು ಸುಟ್ಟಿದ್ದಾರೆ. ಕಟ್ಟುನಿಟ್ಟಿನ ಹೆಡ್‌ಮಾಸ್ತರಿಗೆ ‘ಹಿಟ್ಲರ್’ ಅಂತ ಅಡ್ಡಹೆಸರು ಇಟ್ಟು ನಗುತ್ತೇವಲ್ಲ, ಆ ನಗು ಇಲ್ಲಿ ಯಾರಿಗೂ ಅರ್ಥ ಆಗುವುದಿಲ್ಲ.

ಚಿತ್ರ ಬರೆಯುವುದಾದರೆ ಇನ್ನೂ ಹುಷಾರು. ಪ್ರಧಾನಿಯ ಬಾಯಲ್ಲಿ ಮಗುವಿನ ರಕ್ತ, ಅಷ್ಟಪಾದಿ, ದಾರ ಹಿಡಿದ ಗೊಂಬೆಯಾಟದವನು, ಕೊಕ್ಕೆ ಮೂಗು, ಇವು ಬೇಡವೇ ಬೇಡ. ರಾಜಕಾರಣಿಯನ್ನು ರಾಕ್ಷಸನ ಹಾಗೆ ಬರೆಯುವುದು ನಮ್ಮ ವ್ಯಂಗ್ಯಚಿತ್ರಗಳಲ್ಲಿ ಮಾಮೂಲು. ಆದರೆ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ 1144ರಲ್ಲಿ ಒಬ್ಬ ಹುಡುಗ ಸತ್ತದ್ದಕ್ಕೆ, ಯಹೂದಿಗಳು ಮಕ್ಕಳನ್ನು ಬಲಿ ಕೊಡುತ್ತಾರೆ ಅನ್ನುವ ಕಥೆ ಕಟ್ಟಿದರು. ಆ ಕಥೆ ಯುರೋಪೆಲ್ಲ ಹಬ್ಬಿತು. 1190ರಲ್ಲಿ ಯಾರ್ಕಿನ ಕೋಟೆಯೊಳಗೆ ಸಿಕ್ಕಿಕೊಂಡ ಯಹೂದಿಗಳು ಪ್ರಾಣ ಕಳೆದುಕೊಂಡರು, 1290ರಲ್ಲಿ ಅವರನ್ನು ದೇಶದಿಂದಲೇ ಓಡಿಸಿದರು. ಗಾಜಾದಲ್ಲಿ ಮಕ್ಕಳು ಸತ್ತಿರುವುದು ನಿಜ, ಹೇಳಲೇಬೇಕು. ವಯಸ್ಸು, ಊರು, ತಾರೀಖು ಬರೆ. ರಕ್ತ ಕುಡಿಯುವ ಬಾಯಿ ಬರೆಯಬೇಡ.

ಯಹೂದಿ ದ್ವೇಷ ಅಂದರೆ ಏನು ಅನ್ನುವ ವ್ಯಾಖ್ಯೆಗಳ ಜಗಳವೂ ಕಿವಿಗೆ ಬೀಳುತ್ತದೆ. ಐಎಚ್‌ಆರ್‌ಎ (ನಾಜಿಗಳು ಮಾಡಿದ ಯಹೂದಿ ನರಮೇಧದ ನೆನಪು ಉಳಿಸುವ ಅಂತರರಾಷ್ಟ್ರೀಯ ಒಕ್ಕೂಟ) ವ್ಯಾಖ್ಯೆ 2016ರದ್ದು, ಬ್ರಿಟಿಷ್ ಸರ್ಕಾರ ಅದೇ ವರ್ಷ ಒಪ್ಪಿತು, ಹನ್ನೊಂದು ಉದಾಹರಣೆಗಳಿವೆ. ಬೇರೆ ದೇಶಗಳನ್ನು ಟೀಕಿಸುವ ಹಾಗೆಯೇ ಇಸ್ರೇಲನ್ನು ಟೀಕಿಸಿದರೆ ಅದು ಯಹೂದಿ ದ್ವೇಷವಲ್ಲ ಅಂತ ಅದರಲ್ಲೇ ಬರೆದಿದೆ. ಆದರೆ ಇಸ್ರೇಲಿನ ನೀತಿಯನ್ನು ನಾಜಿಗಳಿಗೆ ಹೋಲಿಸುವುದು ದ್ವೇಷದ ಉದಾಹರಣೆಗಳ ಪಟ್ಟಿಯಲ್ಲಿದೆ. ಇದರ ಮೂಲ ಕರಡು ಬರೆದವರಲ್ಲಿ ಮುಖ್ಯರಾದ ಕೆನೆತ್ ಸ್ಟರ್ನ್ ಅವರೇ, ಕಾಲೇಜುಗಳಲ್ಲಿ ಬಾಯಿ ಮುಚ್ಚಿಸಲು ಇದನ್ನು ಬಳಸಬಾರದು ಅಂತ ಹೇಳುತ್ತ ಬಂದಿದ್ದಾರೆ. 2021ರ ಜೆರುಸಲೇಂ ಘೋಷಣೆ ಇನ್ನೊಂದು, ವಿದ್ವಾಂಸರು ಬರೆದದ್ದು. ಇಸ್ರೇಲಿನ ಬಹಿಷ್ಕಾರ, ಅಪಾರ್ಥೈಡ್ (ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿ) ಹೋಲಿಕೆ ಇವು ತಮ್ಮಷ್ಟಕ್ಕೆ ದ್ವೇಷವಲ್ಲ ಅನ್ನುತ್ತದೆ. ನಿನ್ನ ಕಾಲೇಜು ಯಾವುದನ್ನು ಒಪ್ಪಿದೆ ಅಂತ ವೆಬ್‌ಸೈಟಿನಲ್ಲಿ ನೋಡು. ನಾಜಿ ಹೋಲಿಕೆ ಬಿಟ್ಟುಬಿಡು. ಕಾನೂನಿಗೆ ಹೆದರಿ ಅಂತಲ್ಲ, ಅದನ್ನು ಬರೆದರೆ ಮಾತು ಗಾಜಾ ಬಿಟ್ಟು ನಿನ್ನ ಫಲಕದ ಮೇಲೆ ನಿಲ್ಲುತ್ತದೆ.

ನನ್ನ ಕೈಗೆ ಕೊಟ್ಟರೆ ಇಂಥದ್ದು ಬರೆಯುತ್ತೇನೆ: ‘ಎಫ್-35 ಬಿಡಿಭಾಗ ಕಳಿಸುವುದನ್ನು ನಿಲ್ಲಿಸಿ.’ 2024ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸರ್ಕಾರ ಇಸ್ರೇಲಿಗೆ ಶಸ್ತ್ರ ಕಳಿಸುವ ಸುಮಾರು 350 ಪರವಾನಗಿಗಳಲ್ಲಿ 30ನ್ನು ತಡೆಹಿಡಿಯಿತು, ಎಫ್-35 ಯುದ್ಧವಿಮಾನದ ಬಿಡಿಭಾಗಗಳನ್ನು ಬಹುಮಟ್ಟಿಗೆ ಆ ತಡೆಯಿಂದ ಹೊರಗಿಟ್ಟಿತು. ಕೇಳುವ ಸರ್ಕಾರ ಇಲ್ಲಿದೆ, ಕೇಳುವ ವಿಷಯ ಒಂದೇ. ಎ2 ಅಳತೆಯ ಫೋಮ್ ಬೋರ್ಡು, ಆರು ಪದ ಮೀರಬಾರದು, ಅಕ್ಷರ ಎಂಟು ಸೆಂಟಿಮೀಟರ್ ಎತ್ತರ, ಎರಡೂ ಕಡೆ ಬರೆ, ಮೇಲೆ ಅಗಲದ ಪಾರದರ್ಶಕ ಟೇಪು ಅಂಟಿಸು, ಇಲ್ಲದಿದ್ದರೆ ಮಳೆಗೆ ಮಾರ್ಕರ್ ಇಳಿದು ಅಳುತ್ತದೆ. ದಪ್ಪ ಕೋಲು ಬೇಡ, ಆಯುಧ ಅಂತ ಕಿತ್ತುಕೊಂಡಾರು. ರಟ್ಟಿನ ಕೊಳವೆ ಸಾಕು.

ಪಕ್ಕದವರ ಫಲಕ ಕೆಟ್ಟದಾಗಿದ್ದರೆ? 2003ರ ಆಮೇಲಿನ ಒಂದು ಮೆರವಣಿಗೆಯಲ್ಲಿ ಯಹೂದಿಗಳ ಗುರುತಾದ ದಾವೀದನ ನಕ್ಷತ್ರದೊಳಗೆ ಡಾಲರ್ ಗುರುತು ಬರೆದದ್ದನ್ನು ನೋಡಿಯೂ ಸುಮ್ಮನೆ ನಡೆದವರಲ್ಲಿ ನಾನೂ ಒಬ್ಬಳು. ನಮ್ಮ ಹಿಂದೆಯೇ ಯಹೂದಿಗಳ ಗುಂಪು, ಯುದ್ಧ ಬೇಡ ಅಂತಲೇ ನಡೆಯುತ್ತಿತ್ತು. ಎಷ್ಟೋ ವರ್ಷವಾಯಿತು, ಅದು ಇನ್ನೂ ಗಂಟಲಲ್ಲಿದೆ. ಜಗಳ ಕಾಯಬೇಡ. ಹಳದಿ ಜಾಕೆಟ್ಟಿನ ಸ್ವಯಂಸೇವಕರಿಗೆ ತೋರಿಸು, ತೆಗೆಸುವುದು ಅವರ ಕೆಲಸ. ಇನ್ನೊಂದು ಫಲಕ ಹೆಚ್ಚಿಗೆ ಮಾಡಿಕೊಂಡು ಹೋಗು, ‘ಇದನ್ನ ಹಿಡಿ, ಅದನ್ನ ಇಳಿಸು’ ಅಂದರೆ ಎಷ್ಟೋ ಜನ ಒಪ್ಪುತ್ತಾರೆ, ಪಾಪ, ಹಲವರಿಗೆ ಗೊತ್ತೇ ಇರುವುದಿಲ್ಲ. ಕೇಳದಿದ್ದರೆ ಅಲ್ಲಿಂದ ಐವತ್ತು ಹೆಜ್ಜೆ ದೂರ ಹೋಗು. ಫೋಟೋದಲ್ಲಿ ನೀನೂ ಇರುತ್ತೀಯ.

ಮೆರವಣಿಗೆಗಿಂತ ಕೆಲಸ ಆಗುವುದು ಸಣ್ಣ ಜಾಗದಲ್ಲಿ. ಕಾಮನ್‌ವೆಲ್ತ್ ನಾಗರಿಕಳಾದ್ದರಿಂದ ಭಾರತದ ಪಾಸ್‌ಪೋರ್ಟಿನಲ್ಲೇ ನಿನಗೆ ಇಲ್ಲಿ ಓಟಿದೆ, ಇದು ನಮ್ಮವರಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಹೆಸರು ಸೇರಿಸು. ಆಮೇಲೆ ನಿನ್ನ ಏರಿಯಾದ ಎಂಪಿಗೆ ಪೋಸ್ಟ್‌ಕೋಡ್ ಹಾಕಿ ಒಂದೇ ಪುಟದ ಪತ್ರ, ಒಂದೇ ಪ್ರಶ್ನೆ. ಅಚ್ಚಿನ ನಮೂನೆ ಪತ್ರಕ್ಕೆ ಅಚ್ಚಿನ ಉತ್ತರವೇ ಬರುತ್ತದೆ, ಸ್ವಂತ ಮಾತಿನಲ್ಲಿ ಬರೆ.

ಕೊನೆಗೆ ನಿನ್ನ ಜೊತೆ ಮನೆಯಲ್ಲಿರುವ ಯಹೂದಿ ಹುಡುಗಿ. ಗಾಜಾ ಬಗ್ಗೆ ನಿನ್ನ ಅಭಿಪ್ರಾಯ ಏನು ಅಂತ ಮೊದಲ ವಾರವೇ ಕೇಳಬೇಡ. ಟಿವಿಯಲ್ಲಿ ಏನೋ ನೋಡಿ, ಭಾರತದವರಲ್ವಾ, ಇದಕ್ಕೆ ಏನಂತೀರಿ ಅಂತ ನಿನ್ನನ್ನು ಬಸ್‌ಸ್ಟಾಪಿನಲ್ಲಿ ತಡೆದರೆ ಹೇಗಿರುತ್ತೆ? 2025ರ ಅಕ್ಟೋಬರ್ 2ರಂದು, ಅವರ ವರ್ಷದ ಅತಿ ಪವಿತ್ರ ದಿನ, ಮ್ಯಾಂಚೆಸ್ಟರಿನ ಸಿನಗಾಗ್ ಮೇಲೆ ದಾಳಿಯಾಗಿ ಇಬ್ಬರು ಸತ್ತರು. ಶನಿವಾರ ಎಲ್ಲಿಗೆ ಹೋಗುತ್ತೀಯ ಅಂತ ಅವಳೇ ಕೇಳಿದರೆ ಸುಳ್ಳು ಹೇಳಬೇಡ, ಫಲಕ ತೋರಿಸು. ಅವಳೂ ಬಂದಾಳು, ಬರದೆಯೂ ಇದ್ದಾಳು.

ದೀಪಾವಳಿಗೆ ಹೊಸಿಲಲ್ಲಿ ಸ್ವಸ್ತಿಕದ ರಂಗೋಲಿ ಹಾಕುವ ಮುಂಚೆ ಅವಳಿಗೆ ಒಂದು ಮಾತು ಹೇಳು, ನಾಜಿಗಳ ಗುರುತು ಅಂದುಕೊಂಡಾಳು, ಇಲ್ಲಾ ಪದ್ಮ ಹಾಕು. ಒಬ್ಬಟ್ಟು ಮಾಡಿ ಕೊಟ್ಟಾಗ ತಿನ್ನದಿದ್ದರೆ ಬೇಜಾರಾಗಬೇಡ. ಕೋಷರ್, ಅಂದರೆ ಯಹೂದಿಗಳ ಊಟದ ನಿಯಮ, ಪಾಲಿಸುವವರಿಗೆ ಪಾತ್ರೆಯ ಲೆಕ್ಕ ಬೇರೆ. ಮಡಿ ಗೊತ್ತಲ್ಲ ನಿನಗೆ, ನಿಮ್ಮಜ್ಜಿ ಹೋಟೆಲಲ್ಲಿ ನೀರೂ ಮುಟ್ಟುತ್ತಿರಲಿಲ್ಲ ಅಂತ ಬರೆದಿದ್ದೆ. ಸಿಪ್ಪೆ ಸುಲಿಯದ ಹಣ್ಣು ಕೊಡು, ಬಾಳೆಹಣ್ಣಾದರೂ ಸರಿ. ಶುಕ್ರವಾರ ಸಂಜೆ ಹೊತ್ತು ಮುಳುಗುವುದಕ್ಕೆ ಮುಂಚೆ, ಆಮೇಲೆ ಅವರ ಸಬ್ಬತ್ತು ಶುರು.